‘ಸಹಸ್ರಮಾನಪೂರ್ವ’: ಒಂದು ಪದದ ಅರ್ಥ ಮತ್ತು ಬಳಕೆ

ಇಂಗ್ಲಿಷಿನ ‘ಪ್ರಿಮಿಲೆನಿಯಲ್’ ಪದಕ್ಕೆ ಸಂವಾದಿಯಾಗಿ ‘ಸಹಸ್ರಮಾನಪೂರ್ವ’ ಎಂದು ಬಳಸಿದಾಗ ಎರಡು ಅರ್ಥಗಳು ಬೆರೆಯುತ್ತವೆ. ಒಂದು, ಕಾಲಗಣನೆಗೆ ಸಂಬಂಧಿಸಿದ್ದು: ಸಾವಿರ ವರ್ಷಗಳ ಅವಧಿಯೊಂದು ತೊಡಗುವುದಕ್ಕೆ ಮೊದಲಿನ ಕಾಲ. ಇನ್ನೊಂದು, ಕ್ರೈಸ್ತ ದೈವಶಾಸ್ತ್ರದ್ದು: ಬೈಬಲಿನ ಪ್ರಕಟನೆ ಗ್ರಂಥದ 20ನೆಯ ಅಧ್ಯಾಯದಲ್ಲಿ ಬರುವ ಸಾವಿರ ವರ್ಷಗಳ ಆಳ್ವಿಕೆಗೆ ಮೊದಲೇ ಕ್ರಿಸ್ತನ ಪುನರಾಗಮನವಾಗುವುದೆಂಬ ನಂಬಿಕೆ. ಸುವಾರ್ತೆಯ ಪ್ರಸಾರದಿಂದ ಲೋಕವು ಸುಧಾರಿಸಿ, ಆ ಸುಕಾಲದ ಬಳಿಕ ಅವನು ಬರುವನೆಂಬುದು ಇದಕ್ಕೆದುರಾದ ನಿಲುವು. ಮೊದಲ ಅರ್ಥದಲ್ಲಿ ‘ಪೂರ್ವ’ವು ಕಾಲವನ್ನು ಸೂಚಿಸಿದರೆ, ಎರಡನೆಯದರಲ್ಲಿ ಘಟನೆಗಳ ಕ್ರಮವನ್ನು ಸೂಚಿಸುತ್ತದೆ.

ಆದೋನಿ ಸೀಮೆಗೆ ಈ ಚರ್ಚೆ ಹೊರಗಿನದಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾಗುವವರೆಗೆ ಆದೋನಿ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ಬಳ್ಳಾರಿಗೆ 1810ರಲ್ಲಿ ಬಂದ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಕನ್ನಡ ಬೈಬಲ್ ಅನುವಾದದಲ್ಲಿ ತೊಡಗಿದನು. ಕನ್ನಡ ಬೈಬಲು ಈ ಅವಧಿಯನ್ನು ‘ಸಾವಿರ’ದಿಂದಲೂ ತೆಲುಗು ಬೈಬಲು ‘ವೆಯ್ಯಿ’ಯಿಂದಲೂ ಹೇಳುತ್ತದೆ. ‘ಸಾವಿರ’ವು ‘ಸಹಸ್ರ’ದ ತದ್ಭವ, ‘ವೆಯ್ಯಿ’ ದೇಶ್ಯಪದ. ಪೆದ್ದಹರಿವಾಣಂನಂಥ ಊರಿನ ದ್ವಿಭಾಷಿಕ ಓದುಗನಿಗೆ ಎರಡೂ ದಿನಬಳಕೆಯ ಎಣಿಕೆಯ ಮಾತುಗಳೇ. ಕನ್ನಡದ ‘ಸಹಸ್ರಮಾನ’, ತೆಲುಗಿನ ‘ಸಹಸ್ರಾಬ್ದಿ’ಗಳಾದರೋ ವಿದ್ವತ್ತಿನ ಪದಗಳು.

ತೊಡಕು ಎದುರಾಗುವುದು ತೌಲನಿಕ ಅಧ್ಯಯನದಲ್ಲಿ. ಕನ್ನಡದ ಕಾಲಜ್ಞಾನ ವಚನಗಳು ವೀರವಸಂತರಾಯನ ಬರವನ್ನು ಸಾರುತ್ತವೆ. ಬನಗಾನಪಲ್ಲೆಯಲ್ಲಿ ದನ ಕಾಯುತ್ತ ಕಾಲಜ್ಞಾನ ಬರೆದರೆಂದು ಸಂಪ್ರದಾಯ ನಂಬುವ ಪೋತುಲೂರಿ ವೀರಬ್ರಹ್ಮೇಂದ್ರರ ತೆಲುಗು ಪರಂಪರೆಯಲ್ಲಿ ಅವನೇ ವೀರಭೋಗ ವಸಂತರಾಯ. ಮೊದಲು ಉತ್ಪಾತಗಳು, ಆಮೇಲೆ ಅವನ ಆಗಮನ, ಅನಂತರ ಧರ್ಮದ ಆಳ್ವಿಕೆ: ಈ ಕ್ರಮವು ಮೇಲೆ ಹೇಳಿದ ಕ್ರೈಸ್ತ ನಂಬಿಕೆಯ ಕ್ರಮವನ್ನು ಹೋಲುತ್ತದೆ. ಆದರೆ ಕಾಲಜ್ಞಾನದ ಹಿನ್ನೆಲೆಯಲ್ಲಿರುವುದು ಕಲಿಯುಗದ ಕಲ್ಪನೆ, ಸಾವಿರ ವರ್ಷಗಳ ಲೆಕ್ಕವಲ್ಲ. ಇವನ್ನು ‘ಸಹಸ್ರಮಾನಪೂರ್ವ ಪಠ್ಯ’ಗಳೆಂದು ಕರೆದರೆ, ಕನ್ನಡ ಓದುಗನು ಅವು ಕ್ರಿ.ಶ. 1000ಕ್ಕೂ ಹಿಂದಿನವೆಂದು ತಿಳಿಯುವ ಸಂಭವವಿದೆ. ವಾಸ್ತವದಲ್ಲಿ ಅವು ಅದಕ್ಕಿಂತ ಎಷ್ಟೋ ಶತಮಾನ ಈಚಿನವು.

ಆದುದರಿಂದ ಕಾಲವನ್ನು ಹೇಳುವಲ್ಲಿ ಶತಮಾನವನ್ನೇ ನಮೂದಿಸುವುದು ಲೇಸು. ಕ್ರೈಸ್ತ ಸಿದ್ಧಾಂತವನ್ನು ‘ಸಹಸ್ರಮಾನಪೂರ್ವ ಆಗಮನವಾದ’ ಎಂದು, ವಿಶೇಷ್ಯವನ್ನು ಬಿಡದೆ ಹೇಳಬೇಕು. ಕಾಲಜ್ಞಾನಕ್ಕೆ ಎರವಲು ಹೆಸರು ಬೇಕಿಲ್ಲ. ಗಡಿಯ ಎರಡೂ ಭಾಷೆಗಳಲ್ಲಿ ಅದಕ್ಕೆ ಅದೇ ಹೆಸರಿದೆ, ಮತ್ತು ಆ ಹೆಸರಿನಿಂದಲೇ ಹೋಲಿಕೆ ತೊಡಗಬಹುದು.