ಡಿಕನ್ಸನ ಹವಣಿಕೆಯ ಹಾಳೆಗಳು

ಕಾದಂಬರಿಯನ್ನು ಬರೆಯುವವನು ಕಥೆಯನ್ನೆಲ್ಲ ಮೊದಲೇ ಯೋಚಿಸಿಟ್ಟುಕೊಂಡು ಲೇಖನಿಯನ್ನು ಹಿಡಿಯುತ್ತಾನೆಯೆ, ಇಲ್ಲವೆ ಬರೆಯುತ್ತ ಬರೆಯುತ್ತ ಅದು ತಾನಾಗಿ ಅವನಿಗೆ ಗೋಚರವಾಗುತ್ತದೆಯೆ ಎಂಬ ಪ್ರಶ್ನೆ ಹಳೆಯದು. ಪ್ರತಿಭೆಯನ್ನು ದೈವದತ್ತವೆಂದು ಬಗೆಯುವವರಿಗೆ, ಕಾಗದದ ಮೇಲೆ ಗೆರೆಯೆಳೆದುಕೊಂಡು ಕಥೆಯನ್ನು ಹವಣಿಸುವುದು ಗುಮಾಸ್ತನ ಕೆಲಸದಂತೆ ತೋರುತ್ತದೆ. ಕ್ರಮವನ್ನು ಮೆಚ್ಚುವವರಿಗೆ, ನಕ್ಷೆಯಿಲ್ಲದೆ ಮನೆ ಕಟ್ಟಹೊರಡುವವನು ಅವಿವೇಕಿಯಾಗಿ ಕಾಣುತ್ತಾನೆ. ಈ ವಾದವನ್ನು ಬರಿಯ ಮಾತಿನಲ್ಲಿ ಬೆಳೆಸುವುದಕ್ಕಿಂತ, ಒಬ್ಬ ದೊಡ್ಡ ಕಾದಂಬರಿಕಾರನ ಮೇಜಿನ ಮೇಲಿದ್ದ ಕಾಗದಗಳನ್ನೇ ನೋಡುವುದು ಲೇಸು. ಚಾರ್ಲ್ಸ್ ಡಿಕನ್ಸನ ಅಂಥ ಕಾಗದಗಳು ನಮ್ಮ ಪುಣ್ಯದಿಂದ ಉಳಿದು ಬಂದಿವೆ. ಅವನ ಆಪ್ತಮಿತ್ರನೂ ಚರಿತ್ರಕಾರನೂ ಆದ ಜಾನ್ ಫಾರ್ಸ್ಟರನು ೧೮೭೬ರಲ್ಲಿ ತೀರಿಕೊಂಡಾಗ ತನ್ನ ಗ್ರಂಥಸಂಗ್ರಹವನ್ನು ಲೋಕಕ್ಕೆ ಬಿಟ್ಟುಹೋದನು. ಅದರಲ್ಲಿದ್ದ ಡಿಕನ್ಸನ ಹಸ್ತಪ್ರತಿಗಳು ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿವೆ.

ಈ ಕಾಗದಗಳ ಮರ್ಮ ತಿಳಿಯಬೇಕಾದರೆ ಅಂದಿನ ಪುಸ್ತಕವ್ಯಾಪಾರದ ಸ್ಥಿತಿಯನ್ನು ಸ್ವಲ್ಪ ತಿಳಿದಿರಬೇಕು. ಆಗ ಇಂಗ್ಲೆಂಡಿನಲ್ಲಿ ಹೊಸ ಕಾದಂಬರಿಯೆಂದರೆ ಸಾಮಾನ್ಯವಾಗಿ ಮೂರು ಸಂಪುಟ, ಬೆಲೆ ಒಂದೂವರೆ ಗಿನಿ. ಸಾಧಾರಣ ಸಂಸಾರಿಗೆ ಅದು ಎಟುಕುವ ವಸ್ತುವಲ್ಲ. ೧೮೩೬ರಲ್ಲಿ ‘ಪಿಕ್‌ವಿಕ್ ಪೇಪರ್ಸ್’ ತಿಂಗಳಿಗೊಂದು ಕಂತಿನಂತೆ, ಕಂತಿಗೊಂದು ಷಿಲಿಂಗಿನಂತೆ ಹೊರಡತೊಡಗಿತು. ಮೊದಲು ಕೊಳ್ಳುವವರು ಕೆಲವೇ ನೂರು ಮಂದಿ. ಕಥೆ ಮುಗಿಯುವ ಹೊತ್ತಿಗೆ ತಿಂಗಳಿಗೆ ಸುಮಾರು ೪೦,೦೦೦ ಪ್ರತಿಗಳು ಮಾರಾಟವಾಗುತ್ತಿದ್ದುವು. ಅಲ್ಲಿಂದ ಮುಂದೆ ಡಿಕನ್ಸನ ದೊಡ್ಡ ಕಾದಂಬರಿಗಳಿಗೆಲ್ಲ ಒಂದು ಅಚ್ಚು ನಿಂತಿತು: ಕಂತಿಗೆ ೩೨ ಪುಟ, ಎರಡು ಚಿತ್ರ; ಒಟ್ಟು ಇಪ್ಪತ್ತು ಕಂತು; ಕೊನೆಯ ಎರಡು ಒಟ್ಟಿಗೆ ಬರುವುದರಿಂದ ಹತ್ತೊಂಬತ್ತು ತಿಂಗಳ ಅವಧಿ. ಕಂತಿನ ಕಥೆ ನಮಗೇನೂ ಹೊಸದಲ್ಲ. ಬಂಕಿಮಚಂದ್ರರು ೧೮೭೨ರಲ್ಲಿ ‘ಬಂಗದರ್ಶನ’ವನ್ನು ಆರಂಭಿಸಿ ‘ವಿಷವೃಕ್ಷ’ವನ್ನು ಅದರಲ್ಲಿಯೇ ಕಂತುಕಂತಾಗಿ ಪ್ರಕಟಿಸಿದರು, ಆ ಬಂಕಿಮರನ್ನು ನಮ್ಮ ಬಿ. ವೆಂಕಟಾಚಾರ್ಯರು ಕನ್ನಡಿಗರ ಮನೆಮನೆಗೆ ತಂದರು. ವಾರಪತ್ರಿಕೆಯ ಧಾರಾವಾಹಿಗಾಗಿ ಅಣ್ಣತಂಗಿಯರೊಡನೆ ಜಗಳವಾಡಿದವರಿಗೆ ಕಂತಿನ ರುಚಿಯನ್ನು ಬೇರೆ ವಿವರಿಸಬೇಕಾದುದಿಲ್ಲ.

ಓದುವವರಿಗೆ ರುಚಿಯಾದದ್ದು ಬರೆಯುವವನಿಗೆ ಇಕ್ಕಟ್ಟು. ಹತ್ತನೆಯ ಕಂತನ್ನು ಬರೆಯುವಾಗ ಮೂರನೆಯ ಕಂತಿನಲ್ಲಿ ಒಂದು ಪಾತ್ರವನ್ನು ತಪ್ಪಾಗಿ ನಡಸಿದೆನೆಂದು ಹೊಳೆದರೆ ಮಾಡುವುದೇನು? ಅದು ಆಗಲೇ ಅಚ್ಚಾಗಿ ಸಾವಿರಾರು ಜನರ ಕೈಸೇರಿದೆ, ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಪುಟಗಳ ಲೆಕ್ಕವೂ ಕಠಿನವೇ. ‘ಡಾಂಬಿ’ ಕಾದಂಬರಿಯ ಒಂದು ಕಂತಿಗೆ ಎರಡು ಪುಟ ಸಾಲದೆ ಬಂದುದರಿಂದ, ಪ್ಯಾರಿಸಿನಲ್ಲಿದ್ದ ಡಿಕನ್ಸನು ಅದನ್ನು ತುಂಬುವುದಕ್ಕಾಗಿ ಲಂಡನ್ನಿಗೆ ಬರಬೇಕಾಯಿತು. ಮೊದಮೊದಲು ಅವನು ಈ ಇಕ್ಕಟ್ಟನ್ನು ಹುಮ್ಮಸ್ಸಿನಿಂದಲೇ ದಾಟುತ್ತಿದ್ದನು. ೧೮೪೩ರಲ್ಲಿ ‘ಮಾರ್ಟಿನ್ ಚಜಲ್‌ವಿಟ್’ ನಿರೀಕ್ಷಿಸಿದಷ್ಟು ಮಾರಾಟವಾಗದಿರಲು, ಕಥಾನಾಯಕನನ್ನು ಹಡಗು ಹತ್ತಿಸಿ ಅಮೆರಿಕಕ್ಕೆ ಕಳುಹಿಸಿಬಿಟ್ಟನು. ಆ ಅಮೆರಿಕದ ಭಾಗ ವಿನೋದವಾಗಿದೆ. ಆದರೆ ಕಥೆಯ ಮೈಗೆ ಅದು ಹೊರಗಿನಿಂದ ಹೊಲಿದ ತೇಪೆಯೆಂಬುದು ಎಂಥ ಅಭಿಮಾನಿಗೂ ಕಾಣುತ್ತದೆ.

೧೮೪೬ರಲ್ಲಿ ‘ಡಾಂಬಿ’ಯನ್ನು ಆರಂಭಿಸಿದಾಗ ಡಿಕನ್ಸನು ಕ್ರಮವಾಗಿ ಕಂತಿಗೊಂದು ಹವಣಿಕೆಯ ಹಾಳೆಯನ್ನು ಇಡತೊಡಗಿದನು. ಅದಕ್ಕೆ ಹಿಂದಿನ ಕೃತಿಗಳಿಗೆ ಅಲ್ಲೊಂದು ಇಲ್ಲೊಂದು ಟಿಪ್ಪಣಿ ಮಾತ್ರ ದೊರೆಯುತ್ತದೆ. ಹಾಳೆಯನ್ನು ಅಡ್ಡಲಾಗಿ ಇಟ್ಟುಕೊಂಡು ಎರಡು ಪಾಲು ಮಾಡುವನು. ಬಲಗಡೆಯಲ್ಲಿ ಆ ತಿಂಗಳ ಅಧ್ಯಾಯಗಳ ಸಂಖ್ಯೆ, ಹೆಸರು, ಅವುಗಳಲ್ಲಿ ನಡೆಯುವ ಸಂಗತಿ. ಎಷ್ಟೋ ಬಾರಿ ಇದನ್ನು ಅಧ್ಯಾಯ ಮುಗಿದಮೇಲೆ ನೆನಪಿಗಾಗಿ ತುಂಬಿದಂತೆ ತೋರುತ್ತದೆ. ಆದುದರಿಂದ ಅದು ಮುಂದಿನ ದಾರಿಯ ನಕ್ಷೆ ಎಷ್ಟೋ, ನಡೆದು ಬಂದ ದಾರಿಯ ದಿನಚರಿಯೂ ಅಷ್ಟೇ. ಸ್ವಾರಸ್ಯವಿರುವುದು ಎಡಗಡೆಯಲ್ಲಿ. ಅಲ್ಲಿ ಅವನು ತನ್ನನ್ನು ತಾನೇ ಪ್ರಶ್ನಿಸಿಕೊಳ್ಳುತ್ತಾನೆ. ಈ ಪಾತ್ರ ಈ ಕಂತಿನಲ್ಲಿ ಬರಬೇಕೆ? ಆ ಗುಟ್ಟು ಈಗಲೇ ಹೊರಬೀಳಬೇಕೆ? ಪ್ರಶ್ನೆಯ ಮುಂದೆ ಚಿಕ್ಕದಾಗಿ ಉತ್ತರ: ಹೌದು, ಬೇಡ, ಈಗಲೇ ಅಲ್ಲ, ಮುಂದಿನ ಸಲ. ನಕ್ಷೆಯೆಂದು ನಾವು ಊಹಿಸಿಕೊಂಡು ಹೋದರೆ ಅಲ್ಲಿ ಕಾಣುವುದು ಒಬ್ಬ ಮನುಷ್ಯನ ಸಂವಾದ. ನಿರ್ಣಯವನ್ನು ಬೇಗ ಮಾಡುವುದಕ್ಕಾಗಿ ಅಲ್ಲ, ಎಷ್ಟು ದಿನ ತಡೆಯಬಹುದೋ ಅಷ್ಟು ದಿನ ತಡೆದು, ಆದರೂ ಮರೆಯದಿರುವುದಕ್ಕಾಗಿ ಅವನಿಗೆ ಈ ಹಾಳೆ ಬೇಕಾಗಿತ್ತು.

‘ಡೇವಿಡ್ ಕಾಪರ್‌ಫೀಲ್ಡ್’ ೧೮೪೯ರ ಮೇ ತಿಂಗಳಿನಿಂದ ೧೮೫೦ರ ನವೆಂಬರಿನವರೆಗೆ ಬಂದಿತು. ಡೇವಿಡನು ಮಗುವಿನಂಥ ಡೋರಳನ್ನು ಮದುವೆಯಾಗಿದ್ದಾನೆ. ಅವಳು ಬದುಕಿರಬೇಕೆ, ಸಾಯಬೇಕೆ? ಕಥೆಯ ಮುಕ್ಕಾಲು ಪಾಲಿಗೆ ಹತ್ತಿರವಾಗಿದ್ದರೂ, ೧೮೫೦ರ ಮೇ ತಿಂಗಳಲ್ಲಿ ಅವನು ಫಾರ್ಸ್ಟರನಿಗೆ ಬರೆದ ಕಾಗದದಲ್ಲಿ ಆ ವಿಷಯ ಇನ್ನೂ ಇತ್ಯರ್ಥವಾಗಿಲ್ಲವೆಂದೂ ಆ ದಿನವೇ ತೀರ್ಮಾನಿಸಬೇಕೆಂದೂ ಇದೆ. ಡೋರಳು ತೀರಿಕೊಂಡುದು ಹದಿನೇಳನೆಯ ಕಂತಿನ ಕೊನೆಯ ಅಧ್ಯಾಯದಲ್ಲಿ. ಆ ಅಧ್ಯಾಯವನ್ನು ಓದಿ ಕಣ್ಣೀರಿಟ್ಟವರಿಗೆ ಆಕೆಯ ಮರಣ ಮೊದಲಿನಿಂದಲೂ ವಿಧಿಲಿಖಿತವೆಂಬಂತೆ ಭಾಸವಾಗುತ್ತದೆ. ‘ಡಾಂಬಿ’ಯಲ್ಲಿಯೂ ಹೀಗೆಯೇ. ವಾಲ್ಟರ್ ಗೇ ಎಂಬ ಸರಳಹೃದಯದ ತರುಣನು ಮೆಲ್ಲಮೆಲ್ಲನೆ ಕೆಟ್ಟು ಹಾಳಾಗುವುದನ್ನು ತೋರಿಸಬೇಕೆಂದು ಮೊದಲ ಸಂಕಲ್ಪ. ಅವನು ಕೆಡಲಿಲ್ಲ, ಕೊನೆಗೆ ಕಥಾನಾಯಿಕೆ ಫ್ಲಾರೆನ್ಸಳ ಕೈಹಿಡಿದನು. ನನಗೇನೋ ಹಳೆಯ ಸಂಕಲ್ಪವೇ ಹೆಚ್ಚು ಧೀರವಾದುದೆಂದು ತೋರುತ್ತದೆ. ಡಿಕನ್ಸನಿಗೆ ತನ್ನ ಓದುಗರನ್ನು ನೋಯಿಸುವ ಮನಸ್ಸು ಬರಲಿಲ್ಲವೋ ಏನೋ.

ಒಂದು ಸಾರಿಯಂತೂ ಹವಣಿಕೆಯನ್ನು ಕಥೆಯ ಹೊರಗಿನ ಜೀವವೊಂದು ಬಂದು ತಿದ್ದಿತು. ‘ಕಾಪರ್‌ಫೀಲ್ಡ್’ನಲ್ಲಿ ಮಿಸ್ ಮೌಚರ್ ಎಂಬ ಕುಬ್ಜ ಹೆಂಗಸು ಬರುತ್ತಾಳೆ. ೧೮೪೯ರ ಡಿಸೆಂಬರಿನ ಕಂತಿನಲ್ಲಿ ಅವಳನ್ನು ಹಾಸ್ಯಕ್ಕೂ ಸಂಶಯಕ್ಕೂ ಪಾತ್ರಳಾಗಿ ಚಿತ್ರಿಸಿತ್ತು. ಮುಂದೆ ಅವಳು ದುಷ್ಕೃತ್ಯಕ್ಕೆ ನೆರವಾಗಬೇಕಾಗಿತ್ತು. ಆ ಕಂತು ಪ್ರಕಟವಾದೊಡನೆ ಡಿಕನ್ಸನ ಮನೆಯ ಸಮೀಪದಲ್ಲಿಯೇ ಇದ್ದ, ಅಂಥದೇ ದೇಹದ ಒಬ್ಬ ಹೆಂಗಸಿನಿಂದ ಅವನಿಗೆ ಕಾಗದ ಬಂದಿತು. ಚಿತ್ರ ತನ್ನದೆಂದು ಎಲ್ಲರೂ ಗುರುತಿಸುತ್ತಾರೆಂದೂ, ದುಡಿದು ಬದುಕುತ್ತಿರುವ ತನಗೆ ಇದರಿಂದ ಬಹಳ ಸಂಕಟವಾಗಿದೆಯೆಂದೂ ಅವಳ ಅಳಲು. ಡಿಕನ್ಸನು ಕಥೆಯ ಓಟವನ್ನು ಬದಲಿಸುವುದಾಗಿ ಮಾತುಕೊಟ್ಟನು. ೧೮೫೦ರ ಮಾರ್ಚಿಯ ಕಂತಿನಲ್ಲಿ ಮಿಸ್ ಮೌಚರ್ ಸಜ್ಜನಳಾಗಿ, ದುಃಖವನ್ನು ಬಲ್ಲವಳಾಗಿ ಮತ್ತೆ ಬಂದಳು. ಕಲೆಯ ದೃಷ್ಟಿಯಿಂದ ಈ ತಿರುವು ಹೊಂದುವುದಿಲ್ಲವೆಂದು ವಿಮರ್ಶಕರು ಆಕ್ಷೇಪಿಸುವುದುಂಟು. ಆಕ್ಷೇಪ ನಿಜ. ಆದರೂ ಮುದ್ರಿತವಾದ ಕಂತನ್ನು ಹಿಂದೆಗೆಯಲಾಗದವನು ಮುಂದಿನ ಕಂತಿನಿಂದ ಒಬ್ಬ ಜೀವಂತ ಮನುಷ್ಯಳಿಗೆ ನ್ಯಾಯ ಸಲ್ಲಿಸಿದನೆಂಬುದೂ ನಿಜ.

ಅವನ ಉಳಿದ ಸಲಕರಣೆಗಳು ಸಣ್ಣವು. ೧೮೫೫ರಲ್ಲಿ ಆರಂಭಿಸಿದ ಒಂದು ಟಿಪ್ಪಣಿ ಪುಸ್ತಕದಲ್ಲಿ ಹೆಸರುಗಳ ಪಟ್ಟಿಗಳಿವೆ, ಕಥಾಬೀಜಗಳಿವೆ. ಹೆಸರು ಸಿಕ್ಕದೆ ಅವನಿಗೆ ಪಾತ್ರ ಉಸಿರಾಡುತ್ತಿರಲಿಲ್ಲ. ೧೮೫೪ರಲ್ಲಿ ‘ಹಾರ್ಡ್ ಟೈಮ್ಸ್’ ಕಾದಂಬರಿಯನ್ನು ತಿಂಗಳಿಗಲ್ಲದೆ ವಾರಕ್ಕೊಂದರಂತೆ ಕೊಡಬೇಕಾಗಿ ಬಂದಾಗ ಹವಣಿಕೆ ಗಣಿತದಿಂದಲೇ ಆರಂಭವಾಗುತ್ತದೆ: ತನ್ನ ಹಳೆಯ ಕಾದಂಬರಿಯ ೧೬ ಅಚ್ಚುಪುಟ ವಾರಪತ್ರಿಕೆಯ ಎಷ್ಟು ಪುಟವಾಗುತ್ತದೆ, ತನ್ನ ಕೈಬರಹದ ಎಷ್ಟು ಹಾಳೆ ಅದಕ್ಕೆ ಬೇಕು ಎಂಬ ಲೆಕ್ಕ. ವಾರದ ಕಂತಿನಲ್ಲಿ ಮೈ ಅಲುಗಿಸಲು ಜಾಗವಿಲ್ಲವೆಂದು ಅವನು ಗೊಣಗಿಕೊಂಡನು. ಒಳಗೊಳಗೆ ಮಾತ್ರ ತನ್ನ ರೂಢಿಯಂತೆ ಐದು ತಿಂಗಳ ಭಾಗಗಳಾಗಿಯೇ ಹವಣಿಸಿ, ಆಮೇಲೆ ವಾರಗಳಿಗೆ ಹಂಚಿದನು.

ಎಲ್ಲರ ಹವಣಿಕೆಯೂ ಇದೇ ಬಗೆಯದಾಗಿರಲಿಲ್ಲ. ಅಂಚೆಯ ಇಲಾಖೆಯ ಅಧಿಕಾರಿಯಾಗಿದ್ದ ಆಂಟನಿ ಟ್ರಾಲಪನು ಕಥೆಯನ್ನಲ್ಲ, ಕಾಲವನ್ನು ಹವಣಿಸಿದನು. ಬೆಳಗಿನ ಐದೂವರೆಗೆ ಮೇಜಿನ ಮುಂದೆ ಕುಳಿತು, ಗಡಿಯಾರವನ್ನು ಎದುರಿಗಿಟ್ಟುಕೊಂಡು, ಕಾಲುಗಂಟೆಗೆ ೨೫೦ ಪದಗಳಂತೆ ಬರೆಯುವನು. ದಿನದ ಪುಟಗಳನ್ನು ಡೈರಿಯಲ್ಲಿ ನಮೂದಿಸುವನು. ಹೀಗೆ ನಾಲ್ವತ್ತೇಳು ಕಾದಂಬರಿಗಳಾದುವು. ಅವನು ಸತ್ತಮೇಲೆ ೧೮೮೩ರಲ್ಲಿ ಹೊರಬಂದ ಆತ್ಮಚರಿತ್ರೆಯಲ್ಲಿ ಈ ಗುಟ್ಟು ಬಯಲಾದಾಗ ಅನೇಕ ರಸಿಕರು ಮೂಗುಮುರಿದರು. ಫ್ರಾನ್ಸಿನ ಎಮಿಲ್ ಜೋಲನದು ಮೂರನೆಯ ದಾರಿ. ಒಂದೇ ವಂಶದ ಕಥೆಯನ್ನು ೧೮೭೧ರಿಂದ ೧೮೯೩ರವರೆಗೆ ಇಪ್ಪತ್ತು ಕಾದಂಬರಿಗಳಲ್ಲಿ ಬರೆದವನಿಗೆ ವಂಶವೃಕ್ಷವೂ ಕಡತಗಳೂ ಅನಿವಾರ್ಯ. ‘ಜರ್ಮಿನಾಲ್’ಗಾಗಿ ೧೮೮೪ರಲ್ಲಿ, ಮುಷ್ಕರ ನಡೆಯುತ್ತಿದ್ದಾಗಲೇ, ಆಂಜಾ ಕಲ್ಲಿದ್ದಲ ಗಣಿಗಳಿಗೆ ಹೋಗಿ ನೋಡಿ ಬರೆದುಕೊಂಡು ಬಂದನು.

ಡಿಕನ್ಸನ ಕೊನೆಯ ಹಾಳೆಗಳು ‘ಎಡ್ವಿನ್ ಡ್ರೂಡನ ರಹಸ್ಯ’ಕ್ಕೆ ಸೇರಿದವು. ಹನ್ನೆರಡು ಕಂತುಗಳಲ್ಲಿ ಮುಗಿಯಬೇಕಾಗಿದ್ದ ಈ ಕಾದಂಬರಿ ೧೮೭೦ರ ಏಪ್ರಿಲಿನಲ್ಲಿ ಆರಂಭವಾಯಿತು. ಜೂನ್ ೯ರಂದು ಡಿಕನ್ಸನು ತೀರಿಕೊಂಡನು. ಪ್ರಕಟವಾದುದು ಆರು ಕಂತು ಮಾತ್ರ. ಸೋದರಮಾವನು ಮಗನಂತಿದ್ದ ಹುಡುಗನನ್ನು ಕೊಲ್ಲುವ ಕಥೆಯೆಂದು ತನಗೆ ಅವನು ಹೇಳಿದ್ದನೆಂಬುದಾಗಿ ಫಾರ್ಸ್ಟರನು ಬರೆದಿದ್ದಾನೆ. ಅದನ್ನು ನಂಬದವರು ಅಂದಿನಿಂದ ಇಂದಿನವರೆಗೂ ಬೇರೆ ಬೇರೆ ಮುಕ್ತಾಯಗಳನ್ನು ಕಟ್ಟುತ್ತಲೇ ಇದ್ದಾರೆ. ಹವಣಿಕೆಯ ಹಾಳೆಗಳನ್ನು ಕೇಳೋಣವೆಂದರೆ, ಬರೆದು ಮುಗಿದ ಭಾಗದಾಚೆಗೆ ಅವು ಬಾಯಿಬಿಡುವುದಿಲ್ಲ.