ಮಾದರಿ ಊರಿನ ಬಾಗಿಲು ಯಾರಿಗೆ ತೆರೆದಿತ್ತು?

ಮುಂಬೈ, ಪುಣೆಯಂಥ ನಗರಗಳಲ್ಲಿ ಬಾಡಿಗೆ ಮನೆ ಹುಡುಕಿದ ನಮ್ಮಲ್ಲಿ ಹಲವರಿಗೆ ಇದು ಗೊತ್ತು: ಮನೆ ನೋಡುವ ಮೊದಲೇ ಹೆಸರು ಕೇಳ್ತಾರೆ. ಹೆಸರು ಹೇಳಿದ ಮೇಲೆ ಮನೆ ಖಾಲಿ ಇರೋದಿಲ್ಲ. ಇದು ನಮ್ಮಲ್ಲಿ ಮಾತ್ರ ನಡೆಯುವ ಸಂಗತಿ ಅಂದುಕೊಳ್ಳಬೇಡಿ. ಅಮೆರಿಕದ ಗ್ರೀನ್‌ಬೆಲ್ಟ್ ಎಂಬ ಊರಿನ ಚರಿತ್ರೆ ನೋಡಿ.

1930ರ ದಶಕದ ಆರ್ಥಿಕ ಕುಸಿತದ ಕಾಲ. ನಿರುದ್ಯೋಗಿಗಳಿಗೆ ಕೆಲಸ ಕೊಡಬೇಕು, ಕಡಿಮೆ ಆದಾಯದವರಿಗೆ ಒಳ್ಳೆಯ ಮನೆ ಸಿಗಬೇಕು ಅಂತ ರೂಸ್‌ವೆಲ್ಟ್ ಸರ್ಕಾರ ಮೂರು ಮಾದರಿ ಪಟ್ಟಣಗಳನ್ನು ಕಟ್ಟಿತು. ವಾಷಿಂಗ್ಟನ್ ಹತ್ತಿರ, ಮೇರಿಲ್ಯಾಂಡ್ ರಾಜ್ಯದ ಗ್ರೀನ್‌ಬೆಲ್ಟ್ ಅವುಗಳಲ್ಲೊಂದು. 1937ರಲ್ಲಿ ಜನ ವಾಸಕ್ಕೆ ಬಂದರು. 885 ಮನೆಗಳು, ಸುತ್ತ ಕಾಡು, ಮಕ್ಕಳು ವಾಹನಗಳ ಭಯವಿಲ್ಲದೆ ನಡೆದುಹೋಗಲು ರಸ್ತೆಯ ಕೆಳಗೆ ದಾರಿ. ಕಿರಾಣಿ ಅಂಗಡಿ, ಪೆಟ್ರೋಲ್ ಪಂಪ್ ಎಲ್ಲ ಸಹಕಾರಿ ಸಂಘದ್ದು. 1940ರಲ್ಲಿ ಆ ಸಂಘ ನಿವಾಸಿಗಳ ಕೈಗೇ ಬಂತು. ಮುಂದೆ ಸರ್ಕಾರ ಊರನ್ನೇ ಮಾರಲು ಹೊರಟಾಗ, ನಿವಾಸಿಗಳು ಸಹಕಾರಿ ಸಂಘ ಮಾಡಿಕೊಂಡು 1952ರಲ್ಲಿ ಬಹುಪಾಲು ಮನೆಗಳನ್ನು ಕೊಂಡರು. ಆ ಸಂಘ ಇಂದಿಗೂ ಇದೆ.

ಆದರೆ ಇದೇ ಊರನ್ನು ಕಟ್ಟಲು ಬೆವರು ಸುರಿಸಿದ ಕಪ್ಪು ಕಾರ್ಮಿಕರಿಗೆ ಅಲ್ಲಿ ಮನೆ ಕೊಡಲಿಲ್ಲ. ಅರ್ಜಿದಾರರ ಆದಾಯ, ಕುಟುಂಬ ಎಲ್ಲ ಪರಿಶೀಲಿಸಿ ಆರಿಸಿದ್ದು ಬಿಳಿಯರನ್ನು ಮಾತ್ರ. ಮನೆ ಮಾರಾಟ, ಬಾಡಿಗೆಯಲ್ಲಿ ಜನಾಂಗಭೇದ ಮಾಡಬಾರದು ಅಂತ ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ಬಂದದ್ದು 1968ರಲ್ಲಿ. ಇಂದು ಆ ಊರಿನ ಅತಿ ದೊಡ್ಡ ಸಮುದಾಯ ಕಪ್ಪು ಜನರದ್ದೇ. ಅವರು ಬಂದದ್ದರಿಂದ ಊರು ಕೆಡಲಿಲ್ಲ, ಸಹಕಾರಿ ಸಂಘ ಮುಳುಗಲಿಲ್ಲ.

ಹಾಗಾದರೆ ಈ ಊರು ಬಿಟ್ಟುಹೋದ ಪಾಠ ಏನು? ಸಹಕಾರ ಅನ್ನುವುದು ಬಡವರನ್ನು ಮನೆಯ ಒಡೆಯರನ್ನಾಗಿ ಮಾಡಬಲ್ಲದು. ಅದೇ ಸಹಕಾರ ಬೇಲಿಯೂ ಆಗಬಲ್ಲದು. ನಮ್ಮ ಸುಪ್ರೀಂ ಕೋರ್ಟ್ 2005ರಲ್ಲಿ, ಗುಜರಾತಿನ ಪಾರ್ಸಿ ವಸತಿ ಸಂಘವೊಂದರ ಪ್ರಕರಣದಲ್ಲಿ, ಸದಸ್ಯತ್ವವನ್ನು ಒಂದೇ ಸಮುದಾಯಕ್ಕೆ ಸೀಮಿತಗೊಳಿಸುವ ಬೈಲಾವನ್ನು ಎತ್ತಿಹಿಡಿದಿದೆ. ಅಲ್ಪಸಂಖ್ಯಾತರು ಒಟ್ಟಿಗೆ ಬಾಳಲು ಅದು ಆಸರೆ ಅನ್ನಿಸಬಹುದು. ಆದರೆ ಅದೇ ನಿಯಮ ಬಹುಸಂಖ್ಯಾತರ ಕೈಯಲ್ಲಿದ್ದರೆ ನಮಗೇ ಮುಚ್ಚಿದ ಗೇಟು.

ವಿದ್ಯಾರ್ಥಿಗಳೇ, ಮಾದರಿ ನಗರ, ಸ್ಮಾರ್ಟ್ ಸಿಟಿ ಅಂತ ನಕ್ಷೆ ತೋರಿಸಿದಾಗ ಉದ್ಯಾನ ಎಷ್ಟು ದೊಡ್ಡದು ಅಂತ ಕೇಳಿ, ಅರ್ಜಿ ಯಾರು ಹಾಕಬಹುದು ಅಂತಲೂ ಕೇಳಿ. ಸೊಸೈಟಿಯಲ್ಲಿ ಮನೆ ಇರುವವರು ನಿಮ್ಮ ಬೈಲಾವನ್ನು ಒಮ್ಮೆ ತೆಗೆದು ಓದಿ. ಬೇಲಿ ಎಲ್ಲಿ ಹಾಕಿದ್ದಾರೆ ಅನ್ನೋದು ಅಲ್ಲೇ ಬರೆದಿರುತ್ತೆ.