ವಜ್ರವನ್ನು ಸುಟ್ಟ ಜೋಡಿ ಮಸೂರ
ಗಾಜು ಮತ್ತು ಮರ. 17ನೇ ಶತಮಾನದ ಕೊನೆ. ಗೆಲಿಲಿಯೊ ವಸ್ತುಸಂಗ್ರಹಾಲಯ, ಫ್ಲಾರೆನ್ಸ್

ಸೂರ್ಯನ ಬೆಳಕನ್ನು ಅತಿ ಸಣ್ಣ ಗುರಿಯ ಮೇಲೆ ಒಟ್ಟುಗೂಡಿಸಿ ತೀವ್ರ ಶಾಖ ಪಡೆಯಲು ಬಳಸುತ್ತಿದ್ದ ಈ ಉಪಕರಣವನ್ನು ಡ್ರೆಸ್ಡೆನ್ನಿನ ಬೆನೆಡೆಟ್ಟೊ ಬ್ರೆಗಾನ್ಸ್ ರಚಿಸಿ, ತಸ್ಕನಿಯ ಗ್ರ್ಯಾಂಡ್ ಡ್ಯೂಕ್ ಮೂರನೆಯ ಕೊಸಿಮೊನಿಗೆ ಅರ್ಪಿಸಿದನು.

ದೊಡ್ಡ ಮಸೂರದಿಂದ ದೂರದಲ್ಲಿರುವ ಚಿಕ್ಕ ಮಸೂರವನ್ನು ವಿಶೇಷವಾಗಿ ಗಮನಿಸಬೇಕು. ಸುಮಾರು 14–15 ಅಂಗುಲ ವ್ಯಾಸದ ಮೊದಲನೆಯದು ಕಿರಣಗಳನ್ನು ಬಾಗಿಸಿ ಕಳುಹಿಸಿದರೆ, ಸುಮಾರು ಮೂರೂವರೆ ಅಡಿ ಆಚೆಗಿರುವ, 3 ಅಂಗುಲದಷ್ಟೇ ವ್ಯಾಸದ ಎರಡನೆಯದು ಅವುಗಳನ್ನು ಇನ್ನೂ ಕಿರಿದಾದ ನಾಭಿಗೆ, ಅಂದರೆ ಕಿರಣಗಳು ಕೂಡುವ ತಾಣಕ್ಕೆ, ತರುತ್ತದೆ. ಉಪಕರಣದ ನಿಜವಾದ ಜಾಣ್ಮೆ ಇರುವುದು ಈ ಚಿಕ್ಕ ಗಾಜಿನಲ್ಲಿಯೇ.

1814ರ ಮಾರ್ಚ್‌ನಲ್ಲಿ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿ ಮತ್ತು ಅವನ ಸಹಾಯಕ ಮೈಕೆಲ್ ಫ್ಯಾರಡೆ ಆಮ್ಲಜನಕ ತುಂಬಿದ ಗಾಜಿನ ಗೋಳದೊಳಗೆ ಪ್ಲಾಟಿನಂ ಕಡ್ಡಿಯ ಆಧಾರದಲ್ಲಿ ವಜ್ರವನ್ನಿರಿಸಿ, ಅದರ ಮೇಲೆ ಈ ಉಪಕರಣದ ನಾಭಿಯನ್ನು ಕೂಡಿಸಿದರು. ಮುಕ್ಕಾಲು ಗಂಟೆ ಕಾಯಿಸಿದರೂ ವಜ್ರ ಹೊತ್ತಿಕೊಳ್ಳಲಿಲ್ಲ. ಕಿಟಕಿಯ ಮೇಲ್ಭಾಗ ಬಿಸಿಲಿಗೆ ಅಡ್ಡವಾದಾಗ ಇಡೀ ಉಪಕರಣವನ್ನು ಕೆಳಗಿಳಿಸಿ ಮತ್ತೆ ಹೊಂದಿಸಿದ ಮೇಲೆ ವಜ್ರವು ನೇರಳೆ ಛಾಯೆಯ ಕಡುಗೆಂಪು ಬೆಳಕಿನಿಂದ ಉರಿಯತೊಡಗಿತು, ನಾಭಿಯಿಂದ ತೆಗೆದು ಕತ್ತಲಲ್ಲಿಟ್ಟಾಗಲೂ ಸುಮಾರು ನಾಲ್ಕು ನಿಮಿಷ ಉರಿಯುತ್ತಲೇ ಇದ್ದಿತು. ಉರಿದ ವಜ್ರದಿಂದ ಉಂಟಾದ ಅನಿಲ ಇಂಗಾಲದ ಡೈಆಕ್ಸೈಡ್. ವಜ್ರವೂ ಇದ್ದಿಲಿನಂತೆಯೇ ಇಂಗಾಲದಿಂದಾದ ವಸ್ತುವೆಂಬುದು ಇದರಿಂದ ದೃಢಪಟ್ಟಿತು.